ಕೇಂದ್ರಸ್ಥಾನ ಬಿಡತಕ್ಕದ್ದಲ್ಲ

ಅವರ ತುಟಿಗಳ ನಡುವೆ ಯಾವಾಗಲೂ ಒಂದು ಹಸಿರು ದಾರ ಇರುತ್ತಿತ್ತು. ಫೈಲಿನ ಹಾಳೆಗಳನ್ನು ಪೋಣಿಸುವ, ಎರಡು ತುದಿಗೂ ತಗಡಿನ ಕಡ್ಡಿಯಿರುವ ಟ್ಯಾಗು. ಹಾಳೆಗಳಿಗೆಲ್ಲ ಪುಟಸಂಖ್ಯೆ ಹಾಕಿ ಮುಗಿಯುವವರೆಗೆ ಅದನ್ನು ಕಚ್ಚಿಕೊಂಡೇ ಇರುತ್ತಿದ್ದರು. ಆಗ ಯಾರು ಏನು ಕೇಳಿದರೂ ಉತ್ತರ ಮೂಗಿನಿಂದಲೇ. "ಹ್ಞೂಂ" ಎಂದರೆ ಫೈಲು ಸಾಹೇಬರ ಮೇಜಿನ ಮೇಲಿದೆ. ತಲೆ ಅಲ್ಲಾಡಿಸಿ "ಹ್ಞೂಂಹ್ಞೂಂ" ಎಂದರೆ ಮುಂದಿನ ವಾರ ಬಾ. ವರ್ಷಗಟ್ಟಲೆ ಅವರ ಮುಂದೆ ನಿಂತು ನಿಂತು ಈ ಭಾಷೆಯಲ್ಲಿ ನಾನು ಪಂಡಿತನಾಗಿದ್ದೆ.

ಅವರು ತಾಲ್ಲೂಕು ಕಚೇರಿಯೊಂದರ ಗುಮಾಸ್ತೆ. ಯಾವ ತಾಲ್ಲೂಕು ಎಂದು ಬರೆಯುವುದಿಲ್ಲ. ಬೆಳಗಿನ ಬಸ್ಸು ಪಾಂಡವಪುರದಲ್ಲಿ ಅರ್ಧ ಖಾಲಿಯಾದ ಮೇಲೂ ನಾವಿಬ್ಬರು ಇನ್ನೂ ಕೂತೇ ಇರುತ್ತಿದ್ದೆವು ಎಂದರೆ ಸಾಕು. ನಾನು ವಿದ್ಯುತ್ ಕಾರು ತಯಾರಿಸುವ ಕಂಪನಿಯ ನೌಕರ. ನನ್ನ ಹುದ್ದೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ಕೆಲಸ ಮಾತ್ರ ಇಷ್ಟೇ: ಕಂಪನಿಯ ಕಾಗದ ಸರ್ಕಾರಿ ಕಚೇರಿಯಲ್ಲಿ ಯಾವ ಮೇಜಿನ ಮೇಲೆ ಮಲಗಿದೆ ಎಂದು ನೋಡಿಕೊಂಡು ಬಂದು ವರದಿ ಒಪ್ಪಿಸುವುದು.

ಪಾಲಹಳ್ಳಿಯ ನನಗೂ ಗಂಜಾಂನ ಅವರಿಗೂ ಶ್ರೀರಂಗಪಟ್ಟಣದಲ್ಲಿ ಅದೇ ಬಸ್ಸು. ಬಸ್ಸಿನಲ್ಲಿ ನಾನು ಅವರಿಗೆ "ಅಕ್ಕ" ಅನ್ನುತ್ತಿದ್ದೆ, ಅವರು ನನಗೆ "ನೀನು" ಅನ್ನುತ್ತಿದ್ದರು. ಬಸ್ಸಿಳಿದು ಕಚೇರಿಯ ಮೆಟ್ಟಿಲು ಹತ್ತಿದರೆ ನಾನು "ಮೇಡಂ" ಅನ್ನಬೇಕು, ಅವರು "ಕಂಪನಿಯವ್ರು ಕೂತ್ಕೊಳಿ" ಅನ್ನುತ್ತಿದ್ದರು. ಈ ಎರಡನ್ನೂ ಅವರು ಎಂದೂ ಬೆರೆಸಿದವರಲ್ಲ. ಬಸ್ಸಿನಲ್ಲಿ ಫೈಲಿನ ಮಾತೆತ್ತಿದರೆ ಕಿಟಕಿ ಕಡೆ ತಿರುಗಿಬಿಡುವರು. "ಬಸ್ಸಲ್ಲಿ ಕಬ್ಬು ಗದ್ದೆ ನೋಡ್ಕಂಡು ಓಗನ ಕಣಪ್ಪ. ಕಾಗ್ದ ಅಲ್ಲಿ ಇದ್ದೇ ಇರ್ತದೆ" ಎನ್ನುವರು.

ಅವರ ಗಂಡ ಚಿನ್ನದ ಕೆಲಸದವರು. ಸಣ್ಣ ಕೆಲಸ ಮಾಡಿ ಮಾಡಿ ಕಣ್ಣು ಕಳೆದುಕೊಂಡು ಮನೆಯಲ್ಲೇ ಇದ್ದರು. ರಾತ್ರಿ ಅವರನ್ನು ಒಬ್ಬರನ್ನೇ ಬಿಡಲಾಗದು, ಕಚೇರಿಯ ಊರಿಗೆ ಕರೆತರೋಣವೆಂದರೆ ಅವರಿಗೆ ಆ ಮನೆಯ ಗೋಡೆಗಳಷ್ಟೇ ದಾರಿ ತೋರುತ್ತಿದ್ದವು. ಹಾಗಾಗಿ ಈಕೆಗೆ ದಿನವೂ ಬಸ್ಸು. "ನಮ್ಮನೆಯೋರು ಒಂದು ಗುಲಗಂಜಿ ತೂಕ ಏರುಪೇರಾದ್ರೂ ಕರಗಿಸ್ಬುಟ್ಟು ಇನ್ನೊಂದ್ಸಲ ಮಾಡೋರು. ನಾವು ಕಾಗ್ದದ ಜನ. ತಪ್ಪಾದ್ರೆ ತಿದ್ದೋಲೆ ಅಂತ ಅದರ ಮ್ಯಾಲೆ ಇನ್ನೊಂದು ಕಾಗ್ದ ಇಕ್ತೀವಿ" ಎಂದು ನಗುತ್ತಿದ್ದರು. ಹೊರಡಿಸಿದ ಆದೇಶದಲ್ಲಿ ತಪ್ಪು ಕಂಡರೆ ಅದನ್ನು ಸರಿಪಡಿಸಿ ಹೊರಡಿಸುವ ಎರಡನೆಯ ಕಾಗದಕ್ಕೆ ಸರ್ಕಾರದಲ್ಲಿ ತಿದ್ದೋಲೆ ಎಂದು ಹೆಸರು.

ನಮ್ಮ ಕಂಪನಿಗೆ ಊರೊಂದರ ಗೋಮಾಳ ಮಂಜೂರಾದಾಗ ಆ ಆದೇಶದ ಕರಡು ಬರೆದವರು ಅವರೇ. ಅದರ ಕೊನೆಯ ಷರತ್ತು ಹೀಗಿತ್ತು: "ಪೂರ್ವಾನುಮತಿಯಿಲ್ಲದೆ ಕೇಂದ್ರಸ್ಥಾನ ಬಿಡತಕ್ಕದ್ದಲ್ಲ." ಸರ್ಕಾರಿ ನೌಕರರ ಮನೆಯ ಮಕ್ಕಳಿಗೂ ಈ ಸಾಲು ಬಾಯಿಪಾಠ. ನೌಕರನನ್ನು ಯಾವ ಊರಿಗೆ ಹಾಕಿದ್ದಾರೋ ಅದು ಅವನ ಕೇಂದ್ರಸ್ಥಾನ. ಕೇಳದೆ ಆ ಊರು ಬಿಟ್ಟು ಹೋಗುವಂತಿಲ್ಲ, ಅಷ್ಟೇ ಅದರರ್ಥ. ಜಮೀನಿಗೂ ಕಾರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ನಮ್ಮ ಕಂಪನಿಯ ವಕೀಲರು ಹೊರ ರಾಜ್ಯದವರು. ನಿಘಂಟು ನೋಡಿ, ಕೇಂದ್ರಸ್ಥಾನವೆಂದರೆ ಹೆಡ್ ಆಫೀಸು, ಅದು ಇಲ್ಲೇ ಇರಬೇಕಂತೆ ಎಂದರು. ಜಮೀನು ಸಿಕ್ಕರೆ ಸಾಕೆಂದು ಮಾಲೀಕರು ಒಪ್ಪಿಕೊಂಡು, ಕಾರ್ಖಾನೆಯ ಮುಂದುಗಡೆಯೇ ಗಾಜಿನ ಹೆಡ್ ಆಫೀಸು ಕಟ್ಟಿಸಿ ತಾವೂ ಬಂದು ಕೂತರು.

ಇದರಿಂದ ಏನಾಯಿತು ಎಂದರೆ, ಕಂಪನಿಯ ದೊಡ್ಡ ತಲೆಗಳು ಊರಿನವರ ಕೈಗೆ ಸಿಗುವಷ್ಟು ಹತ್ತಿರ ಬಂದುಬಿಟ್ಟವು. ಒಂದು ಸಲ ಬಣ್ಣ ಹೊಡೆಯುವ ಶೆಡ್ಡಿನ ತೊಳೆದ ನೀರು ಕಾಂಪೌಂಡಿನ ಆಚೆಯ ಹುರುಳಿ ಹೊಲಕ್ಕೆ ನುಗ್ಗಿತು. ಆ ಹೊಲದೊಡತಿ, ಎಮ್ಮೆ ಸಾಕಿ ಹಾಲು ಹಾಕುವ ಹೆಂಗಸು, ಇನ್ನೂ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಮಾಲೀಕರ ಕೋಣೆಯ ಬಾಗಿಲಿಗೆ ಅಡ್ಡ ಕೂತಳು. "ಸಾ, ನಿಮ್ ಕಾರು ವಗೆ ಬುಡಾಕಿಲ್ಲ ಅಂತೀರ. ನನ್ ಉಳ್ಳಿಗೆ ಬಂದದ್ದೇನು ಮತ್ತೆ, ತೀರ್ಥವಾ?" ಎಂದು ಕೇಳಿದಳು. ನಾನೇ ಅದನ್ನು ಇಂಗ್ಲಿಷಿಗೆ ತರಬೇಕಾಯಿತು, ತೀರ್ಥವನ್ನು ಕೈಬಿಟ್ಟೆ. ಒಂದೇ ವಾರದಲ್ಲಿ ನೀರಿಗೆ ಬೇರೆ ದಾರಿಯಾಯಿತು.

ಆಮೇಲೆ ಕಂಪನಿಗೆ ಹೊಸ ಮಾಲೀಕರು ಬಂದರು. ಕಾರ್ಖಾನೆ ಇಲ್ಲೇ ಇರಲಿ, ಹೆಡ್ ಆಫೀಸನ್ನು ದೂರದ ದೊಡ್ಡ ನಗರಕ್ಕೆ ಒಯ್ಯೋಣ ಎಂದರು. ತಾಲ್ಲೂಕು ಕಚೇರಿಯಿಂದ ನೋಟಿಸು ಬಂತು: ಷರತ್ತಿನಂತೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಅನುಮತಿ ಕೇಳಿದರೆ, ಊರಿನವರ ಆಕ್ಷೇಪಣೆ ಇದೆ, ಕೊಡುವುದಿಲ್ಲ. ಕಾಗದ ಹೋಯಿತು, ಕಾಗದ ಬಂತು. ನನ್ನ ಚಪ್ಪಲಿ ಸವೆಯಿತು. ಕೊನೆಗೆ ಕಂಪನಿಯ ಹೊಸ ವಕೀಲರಿಗೆ, ಈತ ನಮ್ಮ ಸೀಮೆಯವನೇ, ಸಂಶಯ ಹುಟ್ಟಿತು. ಈ ಸಾಲು ನೌಕರರ ಆದೇಶದ್ದಲ್ಲವೇ, ಇಲ್ಲಿಗೆ ಹೇಗೆ ಬಂತು? ಗುಮಾಸ್ತೆ ಕೈತಪ್ಪಿನಿಂದ ಬರೆದೆ ಎಂದು ಒಂದು ಹೇಳಿಕೆ ಕೊಟ್ಟರೆ ತಿದ್ದೋಲೆ ಹೊರಡುತ್ತದೆ, ಷರತ್ತು ಹಾರಿಹೋಗುತ್ತದೆ.

ಕೇಳಲು ನನ್ನನ್ನೇ ಕಳಿಸಿದರು. ಕಚೇರಿಯಲ್ಲಿ ಕೇಳಿದಾಗ ಟ್ಯಾಗು ಕಚ್ಚಿಕೊಂಡು ತಲೆ ಅಲ್ಲಾಡಿಸಿದರು. ಮರುದಿನ ಬಸ್ಸಿನಲ್ಲಿ, ನಾನು ಎತ್ತದೆಯೇ, ತಾವೇ ಮಾತು ತೆಗೆದರು.

"ಅದು ತಪ್ಪೇ ಕಣಪ್ಪ. ವರ್ಷಗಟ್ಟಲೆ ಸಿಬ್ಬಂದಿ ಶಾಖೆಲಿದ್ದೋಳು ನಾನು. ದಿನಾ ಅದೇ ಸಾಲು ಬರ್ದೂ ಬರ್ದೂ, ಜಮೀನಿನ ಶಾಖೆಗೆ ಬಂದ್ಮೇಲೂ ಕೈ ಅದನ್ನೇ ಬರ್ದ್ಬುಡ್ತು. ಮ್ಯಾಲಿನೋರೆಲ್ಲ ಓದ್ದೇ ಸೈನ್ ಆಕುದ್ರು."

"ಹಾಗಾದ್ರೆ ಒಂದು ಹೇಳಿಕೆ ಕೊಟ್ಬಿಡಕ್ಕ. ನಿಜ ತಾನೆ?"

"ಇಷ್ಟು ವರ್ಷ ಸರಿಯಾಗಿ ಬರ್ದೆ. ಅದ್ರಿಂದ ಯಾರ್ಗೂ ಏನೂ ಆಗ್ನಿಲ್ಲ. ತಪ್ಪು ಬರ್ದಿದ್ದು ಒಂದ್ಸಲ. ಆ ಎಮ್ಮೆ ಸಾಕಿರೋಳಿಗೆ ಕೇಳಕ್ಕೊಂದು ಬಾಗ್ಲು ಆಯ್ತು. ಈಗ ಅದನ್ನೇ ತಿದ್ದು ಅಂತೀಯಲ್ಲ." ಕಿಟಕಿ ಕಡೆ ತಿರುಗಿದರು.

ಇದನ್ನು ನಾನು ಕಂಪನಿಯಲ್ಲಿ ಹೇಳಲಿಲ್ಲ. ಆದರೆ ಅದಕ್ಕಿಂತ ಕೆಟ್ಟದ್ದನ್ನು ಹೇಳಿಬಿಟ್ಟೆ. ಮೀಟಿಂಗಿನಲ್ಲಿ ವಕೀಲರು ಕಾಫಿ ಕುಡಿಯುತ್ತಾ, "ಆಕೆಯ ಮನೆ ಎಲ್ಲಿ?" ಎಂದರು. ಮನೆಗೆ ಹೋಗಿ ಸಮಾಧಾನದಲ್ಲಿ ಮಾತಾಡುತ್ತಾರೇನೋ ಎಂದುಕೊಂಡು, "ಗಂಜಾಂ ಸರ್, ದಿನಾ ನನ್ನ ಜೊತೆ ಬಸ್ಸಲ್ಲಿ ಬರ್ತಾರೆ" ಎಂದೆ. ವಕೀಲರು ಲೋಟ ಕೆಳಗಿಟ್ಟು ಬರೆದುಕೊಂಡರು. ಹದಿನೈದು ದಿನದಲ್ಲಿ ಅಕ್ಕನ ಕೈಗೆ ಮೆಮೊ ಬಂತು. ದೂರು ಬಂದಿದೆ, ತಾವು ಅನುಮತಿಯಿಲ್ಲದೆ ಪ್ರತಿದಿನ ಕೇಂದ್ರಸ್ಥಾನ ಬಿಡುತ್ತಿದ್ದೀರಿ, ವಿವರಣೆ ಕೊಡಿ ಎಂದು. ನಿವೃತ್ತಿಗೆ ಕೆಲವೇ ತಿಂಗಳಿತ್ತು. ಆ ಹೇಳಿಕೆ ಕೊಟ್ಟರೆ ದೂರು ವಾಪಸಾಗುತ್ತದೆ, ಇಲ್ಲದಿದ್ದರೆ ಪೆನ್ಷನ್ ನಿಲ್ಲುತ್ತದೆ ಎಂಬ ಸುದ್ದಿಯನ್ನೂ ವಕೀಲರು ನನ್ನ ಕೈಯಲ್ಲೇ ಕಳಿಸಿದರು. ನಾನು ಅದನ್ನೂ ತಲುಪಿಸಿದೆ.

ದೂರು ಯಾರಿಂದ ಹುಟ್ಟಿತು ಎಂದು ಅವರಿಗೆ ಗೊತ್ತಿರಲೇಬೇಕು. ಕೇಳಲಿಲ್ಲ. ನನ್ನ ಎದುರೇ ಹಾಳೆ ತೆಗೆದು ಉತ್ತರ ಬರೆದರು. ಆ ಗುಂಡು ಗುಂಡು ಅಕ್ಷರ ಈಗಲೂ ಕಣ್ಣಿಗೆ ಕಟ್ಟಿದಂತಿದೆ: "ನಾನು ಕೇಂದ್ರಸ್ಥಾನ ಬಿಟ್ಟಿರುವುದು ನಿಜ. ಅದಕ್ಕೆ ನನ್ನ ಮೇಲೆ ಕ್ರಮವಾಗಲಿ. ಕಂಪನಿಯವರು ಬಿಟ್ಟರೆ ಅವರ ಮೇಲೂ ಆಗಲಿ."

ಬರೆದು, ಹಾಳೆಯನ್ನು ನನ್ನ ಕಡೆ ತಿರುಗಿಸಿ, "ಕಾಗುಣಿತ ಸರಿಯಾಗಿದ್ಯಾ ನೋಡಿ" ಎಂದರು. ಸರಿಯಾಗಿತ್ತು.

ಷರತ್ತಿನ ವಿಚಾರಣೆ ಮೇಲಿನ ಕಚೇರಿಯಲ್ಲಿ ನಡೆಯಿತು. ಆಕ್ಷೇಪಣೆ ಕೊಟ್ಟಿದ್ದ ಹುರುಳಿ ಹೊಲದ ಹೆಂಗಸೂ ಬಂದು ಕೂತಿದ್ದಳು. ವಕೀಲರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಈ ಸಾಲು ತಪ್ಪಿನಿಂದ ಬಂದದ್ದು ಎಂದು ಈಕೆ ನಿಮ್ಮ ಹತ್ತಿರ ಯಾವತ್ತಾದರೂ ಹೇಳಿದ್ದರೇ? ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನೆನಪಿಲ್ಲ ಎಂದಿದ್ದರೂ ಮುಗಿಯುತ್ತಿತ್ತು. "ಹೇಳಿದ್ದರು" ಎಂದೆ. ಸತ್ಯಕ್ಕೆ ಕಟ್ಟುಬಿದ್ದು ಹೇಳಿದೆ ಎಂದು ಬರೆದುಕೊಂಡರೆ ಈ ಬರಹವೇ ಸುಳ್ಳಾಗುತ್ತದೆ. ಕೆಲಸ ಹೋದರೆ ಗತಿಯೇನು ಎಂಬ ಭಯಕ್ಕೆ ಹೇಳಿದೆ. ಅವರನ್ನು ಕೇಳಿದರು. "ಹೌದು, ಹೇಳಿದ್ದೆ" ಎಂದರು.

ಅವತ್ತು ವಾಪಸು ಬಸ್ಸಿನಲ್ಲಿ ಹಿಂದೆಯೇ ನಿಲ್ಲೋಣವೆಂದುಕೊಂಡೆ. ಅವರು ಪಕ್ಕದ ಸೀಟಿನ ಮೇಲೆ ಬ್ಯಾಗು ಇಟ್ಟು ಹಿಡಿದಿದ್ದರು. ಕರೆದರು, ಹೋಗಿ ಕೂತೆ.

"ಅಕ್ಕ, ನಾನು..."

"ನಿಜ ತಾನೆ ನೀನು ಯೋಳಿದ್ದು? ಬುಡು." ಕಿಟಕಿ ಕಡೆ ತಿರುಗಿ, ಕಬ್ಬಿನ ಗದ್ದೆ ನೋಡುತ್ತಲೇ, "ಆದ್ರೆ ಅದು ಬಸ್ಸಲ್ಲಿ ಯೋಳಿದ್ದು ಕಣಪ್ಪ" ಎಂದರು.

ಬೈದಿದ್ದರೆ ಇಷ್ಟು ವರ್ಷ ನನ್ನನ್ನು ಕಾಡುತ್ತಿರಲಿಲ್ಲ.

ತಿದ್ದೋಲೆ ಹೊರಟಿತು. ಹೆಡ್ ಆಫೀಸು ನಾಲ್ಕು ಲಾರಿಗಳಲ್ಲಿ ಹೋಯಿತು. ಕಚೇರಿಯೇ ಇಲ್ಲದ ಕಡೆ ಕಚೇರಿ ಸುತ್ತುವವನು ಯಾಕೆ ಎಂದು ನನ್ನನ್ನೂ ಬಿಟ್ಟರು. ಯಾವ ಕೆಲಸಕ್ಕೆ ಹೆದರಿ ಬಾಯಿ ಬಿಟ್ಟೆನೋ ಆ ಕೆಲಸ ಆರು ತಿಂಗಳೂ ಉಳಿಯಲಿಲ್ಲ. ಅವರು ನಿವೃತ್ತರಾದರು. ಶಿಸ್ತುಕ್ರಮ ಬಾಕಿ ಇದೆಯೆಂದು ಪೆನ್ಷನ್ ಫೈಲು ಯಾವುದೋ ಮೇಜಿನ ಮೇಲೆ ಮಲಗಿತು. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ, ಹಾಗಾಗಿ ಅವರ ಪರವಾಗಿ ನಾನೇ ಆ ಫೈಲಿನ ಹಿಂದೆ ತಿರುಗಿದೆ. ಅವರು ಬೇಡ ಅನ್ನಲಿಲ್ಲ, ಸಂತೋಷವನ್ನೂ ತೋರಿಸಲಿಲ್ಲ. ಪ್ರತಿ ಸಲ ಗಂಜಾಂನ ಮನೆಗೆ ಹೋಗಿ ಆಗಿಲ್ಲ ಎಂದು ಹೇಳುವುದು, ಅವರು ಕಾಫಿ ಕೊಡುವುದು. ಒಂದು ದಿನ ಹೋದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿಯಿತ್ತು. ಬೆಳಗಿನ ಜಾವ ಎದೆ ನೋವೆಂದು ಕೂತ ಅಕ್ಕ ಏಳಲಿಲ್ಲವಂತೆ. ಕಣ್ಣು ಕಾಣದ ಮನೆಯವರು ನನ್ನ ಕೈ ಹಿಡಿದು ಯಾರೆಂದು ಕೇಳಿದರು. ಬಸ್ಸಿನವನು ಎಂದೆ.

ಅದಾಗಿ ತಿಂಗಳಿಗೆ ಆ ಹುರುಳಿ ಹೊಲದ ಹೆಂಗಸು ಪಾಲಹಳ್ಳಿಯ ನಮ್ಮ ಮನೆ ಹುಡುಕಿಕೊಂಡು ಬಂದಳು. ಎರಡು ಬಸ್ಸು ಬದಲಾಯಿಸಿ, ಸೆರಗಿನಲ್ಲಿ ಒಂದಿಷ್ಟು ಅವರೆಕಾಯಿ ಕಟ್ಟಿಕೊಂಡು. ಮತ್ತೆ ನೀರು ನುಗ್ಗಿದೆ. ಕಾರ್ಖಾನೆಯವರು ಹೆಡ್ ಆಫೀಸನ್ನು ಕೇಳಬೇಕು ಅನ್ನುತ್ತಾರೆ. ಹೆಡ್ ಆಫೀಸೆಂದು ವಾಚ್‌ಮನ್ ಕೊಟ್ಟ ನಂಬರಿಗೆ ಫೋನು ಮಾಡಿದರೆ ಯಾವುದೋ ಹೆಣ್ಣುದನಿ ಒಂದು ಒತ್ತಿ, ಎರಡು ಒತ್ತಿ ಅನ್ನುತ್ತದೆ.

"ಆ ಮೇಡಮ್ಮೋರ ಮನೆ ನಿಮ್ಗೆ ಗೊತ್ತಲ್ಲ ಸಾ. ಕರ್ಕಂಡೋಗಿ. ಇನ್ನೊಂದ್ಸಲ ಅಂಗೇ ತಪ್ಪಾಗಿ ಬರ್ಕೊಡಿ ಅಂತ ಕೇಳನ."

ಅವರು ತೀರಿಕೊಂಡರು ಎಂದೆ. ಆಕೆ ಜಗುಲಿಯ ಮೇಲೆ ಹಾಗೇ ಕುಕ್ಕರಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಅಂಗಾರೆ ನೀವೇ ಬರೀರಿ ಸಾ" ಎಂದಳು.

ಹಾಳೆ ತಂದೆ, ಪೆನ್ನು ತೆಗೆದೆ. ಎಡಗಡೆ "ಇಂದ" ಎಂದು ಬರೆದು ಆಕೆಯ ಹೆಸರು, ಊರು ಬರೆದೆ. ಕೆಳಗೆ "ಗೆ" ಎಂದು ಬರೆದೆ. ಅದರ ಮುಂದೆ ಯಾರ ಹೆಸರು, ಯಾವ ಊರು ಹಾಕಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.