ಮುಳ್ಳು ಕೆಂಪಿಗೆ ಏರಿದ ಬೆಳಿಗ್ಗೆ

ಆ ಭಾನುವಾರ ನಮ್ಮ ಯಜಮಾನರ ಹಳೆಯ ಕಾರಿಗೆ ಹನ್ನೊಂದು ಗಂಟೆಯವರೆಗೆ ಮಾತ್ರ ಆಯುಸ್ಸಿತ್ತು. ಮನೆ ಹತ್ತಿರದ ನೌಪಾಡಾದ ಸಿಗ್ನಲ್ಲಿನಲ್ಲಿ ಎರಡು ಸಲ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿತ್ತು. ಮೆಕ್ಯಾನಿಕ್ ರೇಡಿಯೇಟರ್ ತೊಳೆದ, ಥರ್ಮೋಸ್ಟಾಟ್ ಬದಲಿಸಿದ, ಮುಳ್ಳು ಜಗ್ಗಲಿಲ್ಲ. ಮಗಳು ಬೇಸತ್ತು ಕಳಂಬೋಲಿಯ ಗುಜರಿಯವನಿಗೆ ಹನ್ನೊಂದಕ್ಕೆ ಬರಹೇಳಿದಳು. ಯಜಮಾನರು ತೀರಿಕೊಂಡ ಮೇಲೂ ಆ ಸ್ಟಿಯರಿಂಗ್ ಹಿಡಿದರೆ ಪಕ್ಕದಿಂದ "ಕ್ಲಚ್, ಕ್ಲಚ್" ಎಂದು ಗದರುವುದು ಕೇಳಿಸುತ್ತದೆ ನನಗೆ. ಹೇಗೆ ಕೊಡಲಿ?

"ಒಂದು ಲಾಸ್ಟ್ ಚಾನ್ಸ್ ಕೊಡು ಮಾರಾಯ್ತಿ."

"ಅಮ್ಮಾ, ಬ್ರಿಜ್ ಮೇಲೆ ಇಂಜಿನ್ ಬಂದ್ ಬಿದ್ರೆ ಧಕ್ಕಾ ಯಾರು ಮಾರೋದು? ನೀನು ತಳ್ತೀಯಾ?"

ಬಿಲ್ಡಿಂಗಿನ ಕೆಳಗೇ ಇಂಜಿನ್ ಚಾಲೂ ಮಾಡಿದೆ. ಇಪ್ಪತ್ತು ನಿಮಿಷಕ್ಕೆ ಮುಳ್ಳು ಕೆಂಪು! ಬಾನೆಟ್ ಎತ್ತಿದರೆ ಹಬೆಯಿಲ್ಲ, ವಾಸನೆಯಿಲ್ಲ. ಹೋಟೆಲ್ ಮನೆತನದ ಸೊಸೆ ನಾನು. ಫ್ಯಾನಿನಿಂದ ದೂರ ನಿಂತು, ದೋಸೆ ಕಾವಲಿಗೆ ಮಾಡುವ ಹಾಗೆ ಇಂಜಿನ್ನಿನ ನೀರಿನ ಕೊಳವೆಯ ಕಬ್ಬಿಣದ ಬಾಯಿಗೆ ನಾಲ್ಕು ಹನಿ ನೀರು ಚಿಮುಕಿಸಿದೆ. ಮುಳ್ಳು ತೋರಿಸಿದಷ್ಟು ಕಾದಿದ್ದರೆ ಹನಿ ಚುಂಯ್ ಎಂದು ಆವಿಯಾಗಬೇಕಿತ್ತು. ಅದು ಸುಮ್ಮನೆ ಹರಡಿಕೊಂಡು ನಿಧಾನಕ್ಕೆ ಆರಿತು.

"ಇಂಜಿನ್ ಈಸ್ ಪರ್ಫೆಕ್ಟ್ಲಿ ಆಲ್‌ರೈಟ್! ಮೀಟರೇ ಸುಳ್ಳು ಹೇಳ್ತಾ ಉಂಟು!"

ಒಂದು ಸಲಕ್ಕೆ ಒಂದೇ ಚೇಂಜ್ ಮಾಡಿ ನೋಡಿ ಎಂದು ಕಾನ್ವೆಂಟಿನ ಸೈನ್ಸ್ ಸಿಸ್ಟರ್ ಕಲಿಸಿದ್ದರು. ಮೀಟರಿನ ಕರೆಂಟಿಗೆ ಏನೋ ಅಡ್ಡ ಬರುತ್ತಿರಬೇಕು, ಒಂದೊಂದೇ ಸ್ವಿಚ್ ಆರಿಸಿ ನೋಡೋಣವೆಂದರೆ ಆಗ ಉರಿಯುತ್ತಿದ್ದುದು ಡ್ಯಾಶ್‌ಬೋರ್ಡಿನ ಕೃಷ್ಣನ ಮುಂದಿನ ಪುಟ್ಟ ಬಲ್ಬು ಒಂದೇ. ಅದನ್ನು ಹಚ್ಚದೆ ನಾವು ಎಂದೂ ಗಾಡಿ ಹೊರಡಿಸಿದವರಲ್ಲ. ಸಾರಿ ದೇವರೇ ಎಂದು ಸ್ವಿಚ್ ಆರಿಸಿದೆ.

"ಅಮ್ಮಾ! ಕಾಟಾ ಉತರ್‌ಲಾ! ನೋಡು, ಮುಳ್ಳು ಇಳೀತು!" ಮಗಳು ಒಳಗಿಂದ ಕಿರುಚಿದಳು.

ಹಚ್ಚಿದರೆ ಏರುತ್ತದೆ, ಆರಿಸಿದರೆ ಇಳಿಯುತ್ತದೆ. ಮೂರು ಸಲ ಮಾಡಿ ನೋಡಿದೆವು.

ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನಡಿ ತೂರಿದೆ. ದೀಪದ ವೈರು ಮೀಟರಿನ ಅರ್ತ್ ಸ್ಕ್ರೂಗೇ ಸುತ್ತಿತ್ತು, ಹಸಿರು ಟೇಪಿನಲ್ಲಿ ಯಜಮಾನರ ಕೈಕೆಲಸ. ಸ್ಕ್ರೂ ಸಡಿಲಾಗಿ ತುಕ್ಕು ಹಿಡಿದಿತ್ತು. ದೀಪದ ಕರೆಂಟಿಗೆ ಸರಿಯಾದ ದಾರಿಯಿಲ್ಲದೆ ಅದು ಮೀಟರನ್ನೂ ದಾರಿ ತಪ್ಪಿಸುತ್ತಿತ್ತು. ಟೇಪು ಬಿಚ್ಚುವಾಗ ಒಂದು ಕ್ಷಣ ಕೈ ತಡೆಯಿತು. ಬಿಚ್ಚಿದೆ. ಸ್ಕ್ರೂ ಕೆರೆದು ಬಿಗಿದು, ದೀಪದ ವೈರನ್ನು ಬೇರೆ ಸ್ಕ್ರೂಗೆ ಕೊಟ್ಟು, ಮತ್ತೆ ಹಚ್ಚಿದೆ. ಮುಳ್ಳು ನಡುವಿನಲ್ಲೇ ನಿಂತಿತು.

ಗುಜರಿಯವನಿಗೆ ಬರಬೇಡವೆನ್ನಲು ಮಗಳು ಫೋನ್ ಕಿವಿಗಿಟ್ಟಳು. "ಕಾಕಾ, ಯೇಊ ನಕಾ. ಗಾಡಿ ದೇಣಾರ್ ನಾಹಿ." ಆಮೇಲೆ ನನ್ನ ಕಡೆ ತಿರುಗಿ, "ಅಂಬರನಾಥ್ ದೇವಸ್ಥಾನದವರೆಗೆ ಒಂದು ಚಕ್ಕರ್? ಆದ್ರೆ ಡ್ರೈವಿಂಗ್ ನಾನೇ."

"ಹೋಗೇ!" ಎಂದೆ. ನಾನು ಆಗಲೇ ಸ್ಟಿಯರಿಂಗ್ ಹಿಂದೆ ಕೂತಾಗಿತ್ತು.