ಕೆರೆಗೆ ಬಿದ್ದ ಮಾರಕ್ಕನ ಮನೆ

ಬೆಳಿಗ್ಗೆ ಬಟ್ಟೆ ಒಗೆಯಲು ಕೂತರೆ ಮಾರಕ್ಕನ ಬಾಯಿ ಬೊಮ್ಮನಹಳ್ಳಿ ಆಚೆಯ ಆ ಗಲ್ಲಿಗೆಲ್ಲ ಕೇಳುತ್ತಿತ್ತು. ಹಿತ್ತಲಿನ ಕಲ್ಲಿಗೆ ಸೀರೆ ಬಡಿಯುತ್ತಾ, ಗೋಡೆಯಾಚೆಯ ನಂಜಪ್ಪನಿಗೆ ದಿನಾ ಅದೇ ಸುಪ್ರಭಾತ: "ಗಡಿ ಕಲ್ಲು ಕಿತ್ತು ನನ್ ಜಾಗ ನುಂಗ್ದೋನೇ, ನಿನ್ ಕೈ ಸೇದೋಗ!" ನಂಜಪ್ಪ ಒಂದು ದಿನವೂ ತಿರುಗಿ ಮಾತಾಡಿದವನಲ್ಲ. ಅದೇ ಅವಳಿಗೆ ಸಾಕ್ಷಿ. ಕಳ್ಳನಲ್ಲದಿದ್ದರೆ ಬಾಯಿ ಬಿಡುತ್ತಿರಲಿಲ್ಲವೇ?

ಈ ಬೈಗುಳ ಅವಳ ಸ್ವಂತದ್ದಲ್ಲ, ಅತ್ತೆಯಿಂದ ಬಂದದ್ದು. ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ಸೀಬೆ ಮರದ ಬುಡ ತೋರಿಸಿ, "ಇಲ್ಲಿತ್ತು ಕಣವ್ವ ನಮ್ ಕಲ್ಲು, ಪಕ್ಕದೋನು ಕಿತ್ ಬಿಸಾಕ್ದ" ಎಂದಿದ್ದಳು. ಆಗಲೇ ಹೊಲ ಉಳುವುದು ನಿಂತಿತ್ತು, ಆಮೇಲೆ ಅವೆಲ್ಲ ಫ್ಯಾಕ್ಟರಿ, ಲೇಔಟುಗಳ ಪಾಲಾದವು. ಅತ್ತೆ ಹೋದಳು, ಗಂಡ ದಾಸಪ್ಪನೂ ಹೋದ. ಉಳಿದದ್ದು ಈ ಮನೆ, ಪಕ್ಕದಲ್ಲಿ ಬಾಡಿಗೆಗೆ ಬಿಟ್ಟ ಸಾಲು ರೂಮುಗಳು ಮತ್ತು ಈ ಜಗಳ.

ಇಂಥ ಮನೆಯ ಬಾಗಿಲಿಗೆ, 2013ರ ಬೇಸಿಗೆಯಲ್ಲಿ ಒಂದು ದಿನ ಯಾರೋ ಚೀಟಿ ಅಂಟಿಸಿ ಹೋದರು. 'ಮಾಲೀಕರು ಪತ್ತೆಯಾಗಿಲ್ಲ. ತಿಂಗಳೊಳಗೆ ಆಕ್ಷೇಪಣೆ ಬಾರದಿದ್ದರೆ ಕೆರೆ ಜಾಗಕ್ಕೆ ಸೇರಿಸಲಾಗುವುದು.'

"ಬಾಗಿಲಲ್ಲೇ ಕಲ್ಲುಗುಂಡಿನಂಗೆ ನಿಂತಿವ್ನಿ, ಪತ್ತೆ ಇಲ್ವಂತೆ! ಇವರ ಕಣ್ಣಿಗೇನು ಮಣ್ ಬಿದ್ದದಾ?"

ಊರಿನ ಆಸ್ತಿಯನ್ನೆಲ್ಲ ಕಂಪ್ಯೂಟರ್ ನಕ್ಷೆಗೆ ಹತ್ತಿಸಿ, ಜಾಗವಿದ್ದೂ ಕಾಗದವಿಲ್ಲದವರನ್ನು, ಕಾಗದವಿದ್ದೂ ಜಾಗ ಸಿಗದವರನ್ನು ಹುಡುಕುವ ಗುತ್ತಿಗೆ ಯಾವುದೋ ಖಾಸಗಿ ಕಂಪನಿಗೆ ಸಿಕ್ಕಿತ್ತು. ಮಾರಕ್ಕ ಕಾಗದದ ಚೀಲ ಕಂಕುಳಲ್ಲಿಟ್ಟುಕೊಂಡು ಅವರ ಕಚೇರಿಗೆ ಹೋದಳು. ಒಬ್ಬ ಸರ್ವರ್ ಇಲ್ಲ ಎಂದ. ಇನ್ನೊಬ್ಬಳು ಜೆರಾಕ್ಸ್ ಮಸುಕಾಗಿದೆ, ಬೇರೆ ಮಾಡಿಸಿ ಎಂದಳು. ಮಾಡಿಸಿಕೊಂಡು ಬರುವಷ್ಟರಲ್ಲಿ ಊಟಕ್ಕೆ ಎದ್ದಿದ್ದಳು. ಮರುದಿನ ಹೋದರೆ ಅದಕ್ಕೆ ಮೇಲಿನ ಮಹಡಿ ಎಂದರು, ಮೇಲೆ ಹೋದರೆ ಕೆಳಗೆ ಎಂದರು. ಮೆಟ್ಟಿಲು ಹತ್ತಿ ಇಳಿದು ಮಂಡಿ ಹಿಡಿದುಹೋಯಿತೇ ಹೊರತು ಕೆಲಸ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಮನೆ ಹೋದರೆ ಈ ವಯಸ್ಸಿನಲ್ಲಿ ಎಲ್ಲಿ ಹೋಗಿ ಬೀಳುವುದು? ಅವಳಿಗೆ ಅಳು ಬಂತು, ಅಳುವುದಕ್ಕಿಂತ ಬೈಯುವುದು ವಾಸಿ ಎಂದು ಬೈದಳು.

ಆ ಗದ್ದಲ ಕೇಳಿ ನಕ್ಷೆ ಕೂಡಿಸುವ ಪರಮಾನಂದ ಹೊರಗೆ ಬಂದ. ಬಾಗಲಕೋಟೆ ಕಡೆಯ ಹುಡುಗ. ಕುರ್ಚಿ ಎಳೆದು ಕೂರಿಸಿ ಪರದೆ ತಿರುಗಿಸಿದ.

"ಅಕ್ಕಾರ, ನಿಮ್ ಕಾಗದಾ ಖರೇನ ಐತ್ರಿ. ಆದ್ರ ನಿಮ್ ಹೆಸರು ಕೆರಿ ಒಳಗ ಬಿದ್ದೈತಿ."

"ನಾನ್ಯಾಕಪ್ಪ ಕೆರೆಗೆ ಬೀಳ್ಲಿ? ಬಿದ್ದೋರು ನೀವು!"

"ಸಿಟ್ಟಾಗಬ್ಯಾಡ್ರಿ. ಹಳೇ ನಕ್ಷೆದಾಗ ನಿಮ್ ಜಾಗದ ಮೂಲಿಗೆ ಒಂದು ಸರ್ವೆ ಕಲ್ಲು ಐತಿ. ನಮ್ ಹುಡುಗರು ಆ ಕಲ್ಲು ಹುಡುಕಿ, ಅಲ್ಲಿಂದ ಅಳದಾರ. ಫೋಟೋ ಸೈತ ತಗದಾರ, ನೋಡ್ರಿ."

ಮಾರಕ್ಕ ಕನ್ನಡಕ ಏರಿಸಿ ನೋಡಿದಳು. ಉದ್ದನೆಯ ಕಲ್ಲು, ಒಂದು ತುದಿಯಲ್ಲಿ ಕೆತ್ತಿದ ಕೂಡಿಸುವ ಗುರುತು. ಆ ಗುರುತಿನ ಪಕ್ಕದಲ್ಲಿ ನೀಲಿ ಸೋಪಿನ ಡಬ್ಬಿ. ಇನ್ನೊಂದು ತುದಿಯಲ್ಲಿ ಬಾಡಿಗೆ ರೂಮಿನ ಹೊಳೆವ್ವನ ಒದ್ದೆ ಲಂಗ.

ಡಬ್ಬಿ ಅವಳದ್ದೇ. ಅವಳು ದಿನವೂ ಸೋಪು ಇಡುತ್ತಿದ್ದ ತಗ್ಗೇ ಆ ಗುರುತು. ಕಲ್ಲುಕುಟಿಗ ಸುಮ್ಮನೆ ಉಳಿ ಆಡಿಸಿದ್ದಾನೆ ಎಂದುಕೊಂಡಿದ್ದಳು. ಅಳೆಯಲು ಬಂದ ಹುಡುಗರು ಅವಳ ಬಟ್ಟೆ ಒಗೆಯುವ ಕಲ್ಲನ್ನೇ ಗಡಿ ಮಾಡಿಕೊಂಡು, ಇಡೀ ಮನೆಯನ್ನು ಕೆರೆಗೆ ತಳ್ಳಿದ್ದರು.

"ಮುಂಡೇವಾ" ಎಂದಳು. ಯಾರಿಗೆ ಎಂದು ಅವಳಿಗೇ ತಿಳಿಯಲಿಲ್ಲ.

ಪರಮಾನಂದ ಹೇಳಿದ್ದು ಸುಲಭವಿತ್ತು. ಕಲ್ಲು ಮೊದಲು ನಿಂತಿದ್ದ ಜಾಗ ತೋರಿಸಿ, ಪಕ್ಕದವರು ಹೌದೆಂದು ಸಹಿ ಹಾಕಿದರೆ ನಕ್ಷೆ ಸರಿಹೋಗುತ್ತದೆ. ಪಕ್ಕದವರು! ಸೀಬೆ ಮರ ಕಡಿದು ಎಷ್ಟೋ ಕಾಲವಾಗಿತ್ತು, ಅದರ ಬುಡ ಎಲ್ಲಿತ್ತೆಂದು ಅವಳಿಗೇ ಮರೆತುಹೋಗಿತ್ತು, ಈಗ ನೆನಪಿದ್ದರೆ ನಂಜಪ್ಪನೊಬ್ಬನಿಗೇ. ಸುಮ್ಮನಿದ್ದರೆ ಮನೆ ಕೆರೆಗೆ, ಬಾಯಿ ಬಿಟ್ಟರೆ ಮಾನ ಕೆರೆಗೆ. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಸೆರಗು ಬಿಗಿದು ಅವನ ಮನೆ ಮೆಟ್ಟಿಲು ಹತ್ತಿದಳು.

ನಂಜಪ್ಪ ಎಲ್ಲ ಕೇಳಿಸಿಕೊಂಡ. ಎದ್ದು ಇಬ್ಬರ ಮನೆಗೂ ನಡುವಿನ ಗೋಡೆಯ ಮೂಲೆಗೆ ಹೋಗಿ, ನೀರಿನ ಡ್ರಮ್ಮನ್ನು ಪಕ್ಕಕ್ಕೆ ಉರುಳಿಸಿ, ಕಾಲಲ್ಲಿ ನೆಲ ತೋರಿಸಿದ. "ಇಲ್ಲಿ ಅಗೀರಿ. ಕಲ್ಲು ನಿಲ್ಸಕ್ಕೆ ಗುಂಡಿಗೆ ತುಂಬಿದ ಜಲ್ಲಿ ಸಿಕ್ತದೆ."

"ನಿಂಗೆಂಗೆ ಗೊತ್ತು?"

"ಹೊಲ ಉಳೋರೇ ಇಲ್ಲ, ಕಲ್ಲು ಯಾಕ್ ದಂಡಕ್ ನಿಂತಿರ್ಬೇಕು, ಬಟ್ಟೆ ಒಗ್ಯಕ್ಕಾಯ್ತದೆ ಅಂತ ನಿಮ್ಮತ್ತೆ ಕಿತ್ಲು. ಅದನ್ನ ಒಬ್ಳೇ ಎತ್ತಕ್ಕಾಯ್ತದಾ? ಒಂದ್ ಕಡೆ ನಾನೇ ಇಡ್ಕೊಂಡಿದ್ದೆ."

ಮಾರಕ್ಕ ಡ್ರಮ್ಮಿಗೆ ಗುದ್ದಿದಳು. "ಅಯ್ಯೋ ನಿನ್ ಮನೆ ಕಾಯ್ವೋಗ! ಇಷ್ಟ್ ವರ್ಷ ದಿನಾ ಬೆಳಿಗ್ಗೆ ಉಗೀತಿದ್ನಲ್ಲೋ, ಒಂದ್ ಮಾತು ಹೇಳಕ್ಕೆ ಏನಾಗಿತ್ತು ನಿಂಗೆ?"

"ಆಮೇಲೆ ನಿನ್ ಗಂಡ ಕಲ್ಲೆಲ್ಲಿ ಅಂತ ಕೇಳ್ದಾಗ, ಬೈತಾನೆ ಅಂತ ಹೆದರ್ಕೊಂಡು ನಿಮ್ಮತ್ತೆ ನನ್ ಹೆಸ್ರು ಹೇಳ್ಬುಟ್ಲು ಪಾಪ. ರಾತ್ರಿ ಬಂದು ಕೈ ಮುಗುದ್ಲು, ಸೊಸೆಗೆ ಹೇಳ್ಬೇಡ ಅಂತ. ಹೇಳಿದ್ರೆ ನೀನು ಅವಳ ಕೈಯಲ್ಲಿ ಒಂದ್ ತುತ್ತು ಉಣ್ತಿದ್ಯಾ? ನೀವಿಬ್ರೂ ಒಂದೇ ಒಲೆ ಮುಂದೆ ಬದುಕ್ಬೇಕಿತ್ತು. ನಂಗೇನು, ಮಧ್ಯೆ ಗೋಡೆ ಇತ್ತು."

ಅತ್ತೆ ಕೊನೆಗಾಲದಲ್ಲಿ ಅವಳ ಕೈಯಿಂದಲೇ ಗಂಜಿ ಕುಡಿದು ಸತ್ತಿದ್ದಳು. ಮಾರಕ್ಕ ಸೆರಗು ಸಿಕ್ಕಿಸಿ ಗುದ್ದಲಿ ತರಲು ಹೋದಳು.

ಅಗೆದರು, ಜಲ್ಲಿ ಸಿಕ್ಕಿತು. ಕಲ್ಲು ಮತ್ತೆ ಎದ್ದು ನಿಂತಿತು. ನಂಜಪ್ಪ ಸಹಿ ಹಾಕಿದ. ಪರಮಾನಂದನ ಪರದೆಯಲ್ಲಿ ಮನೆ ಕೆರೆಯಿಂದ ಮೇಲೆ ಬಂದು ತನ್ನ ಜಾಗದಲ್ಲಿ ಕೂತಿತು, ಅದರ ಮೇಲೆ ಮಾರಕ್ಕನ ಹೆಸರೂ ಬಂತು.

ಮರುದಿನ ಬೆಳಿಗ್ಗೆ ಅವಳು ಬಕೆಟ್ಟು ಹಿಡಿದು ಹಿತ್ತಲಿಗೆ ಬಂದಳು. ಬಡಿಯಲು ಕಲ್ಲಿಲ್ಲ. ಸಿಮೆಂಟ್ ನೆಲದ ಮೇಲೆ ಕುಕ್ಕರಿಸಿ ಸುಮ್ಮನೆ ಸೀರೆ ಉಜ್ಜತೊಡಗಿದಳು. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ನಂಜಪ್ಪನ ತಲೆ ಕಾಣಿಸಿತು.

"ಯಾಕ್ ಮಾರಕ್ಕ, ಇವತ್ತು ದನೀನೇ ಇಲ್ಲ? ಮೈಗ್ ಉಷಾರಿಲ್ವಾ?"

"ಉಷಾರಾಗಿವ್ನಿ ಕಣಣ್ಣ, ಓಗು" ಎಂದಳು. ಮುಖ ಎತ್ತದೆ ಉಜ್ಜಿದ್ದನ್ನೇ ಮತ್ತೆ ಉಜ್ಜಿದಳು.