ಇಪ್ಪತ್ತೊಂದು ಪತ್ರೆ, ಎರಡು ಅರ್ಜಿ

ಹೋದ ವಾರ ನನ್ನ ವಿರುದ್ಧ ನಾನೇ ಒಂದು ಅರ್ಜಿ ಬರೆದೆ. ನಗಬೇಡಿ. ಇದಕ್ಕೆಲ್ಲ ಕಾರಣ ನಮ್ಮ ಮಾವನವರು.

ನಾವು ಜಯನಗರದಲ್ಲಿ ಮನೆ ಕಟ್ಟಿಕೊಂಡ ಕಥೆ ನಿಮಗೆ ಗೊತ್ತೇ ಇದೆ (ಬೇಕಾದಷ್ಟು ಸಲ ಕೊರೆದಿದ್ದೇನೆ). ನಮ್ಮ ರಸ್ತೆ ಮುಗಿದಲ್ಲಿ ಪಕ್ಕದ ಹಳ್ಳಿ ಪುಟ್ಟೇನಹಳ್ಳಿಯವರ ತೋಪು ಶುರು. ಹೊಂಗೆ, ಬೇವು, ಅತ್ತಿ, ಕೆಳಗೆಲ್ಲ ಪೊದೆ. ಹಾವು ಬರುತ್ತದೆ, ನರಿ ಊಳಿಡುತ್ತದೆ, ಕಡಿಸಿ ಪಾರ್ಕ್ ಮಾಡಿಸೋಣ ಅಂತ ಬಡಾವಣೆಯವರೆಲ್ಲ ಸೇರಿ ತೀರ್ಮಾನಿಸಿದರು. ಪೇಪರಿಗೆ ಬರೆಯುವವನು ಅಂತ ಕಾರ್ಪೊರೇಷನ್ನಿಗೆ ಕೊಡುವ ಅರ್ಜಿಯ ಕೆಲಸ ನನ್ನ ತಲೆಗೆ ಬಂತು. ಬರೆದೆ. ಇಂಗ್ಲಿಷಿನಲ್ಲಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು. ಬಡಾವಣೆಯವರೆಲ್ಲ ರುಜು ಹಾಕಿದರು.

ನಮ್ಮ ನಲ್ಲಿ ನೀರಿನ ಅರ್ಜಿ ಎರಡು ವರ್ಷದಿಂದ ಮಲಗಿದೆ. ಇದು ಮಾತ್ರ ಒಂದೇ ತಿಂಗಳಲ್ಲಿ ಪಾಸಾಯಿತು. ಹಬ್ಬ ಕಳೆದ ಮೇಲೆ ಕಡಿಯುವವರು ಬರುತ್ತಾರೆ ಅಂತ ಆರ್ಡರ್.

ಅಷ್ಟರಲ್ಲಿ ಗಣೇಶನ ಹಬ್ಬಕ್ಕೆ ನಂಜನಗೂಡಿನಿಂದ ಮಾವನವರು ಬಂದರು. ಪೂಜೆ ಶಾಸ್ತ್ರೋಕ್ತವಾಗಿ ಆಗಬೇಕು, ಇಪ್ಪತ್ತೊಂದು ಪತ್ರೆಯೂ ಇರಬೇಕು ಅಂದರು. ಹಬ್ಬದ ಹಿಂದಿನ ದಿನ ಕೈತೋಟಕ್ಕೆ ಇಳಿದೆ. ತುಳಸಿ, ಗರಿಕೆ, ದಾಳಿಂಬೆ. ಮೂರಕ್ಕೆ ನಿಂತಿತು. ಮಿಕ್ಕಿದ್ದೆಲ್ಲ ಕ್ರೋಟನ್. ಗಣಪತಿಗೆ ಕ್ರೋಟನ್ ನಡೆಯುತ್ತದೆಯೇ ಅಂತ ಮೆಲ್ಲಗೆ ಕೇಳಿದೆ. ಮಾವನವರು ಮಗಳ ಮುಖ ನೋಡಿದರು (ಇಂಥವನಿಗೆ ಕೊಟ್ಟೆನಲ್ಲ ಅಂತ). ಹೆಂಡತಿ ನನ್ನ ಕೈಗೊಂದು ಚೀಲ ಕೊಟ್ಟು ತೋಪಿನ ಕಡೆ ಬೆರಳು ತೋರಿಸಿದಳು.

ತೋಪಿನಲ್ಲಿ ಮುನಿಯಮ್ಮ ಅಂತ ಒಬ್ಬ ಹಳ್ಳಿಯ ಮುದುಕಿ ಪುಳ್ಳೆ ಆರಿಸುತ್ತಿದ್ದಳು. ನನ್ನ ಪಟ್ಟಿ ಸಂಸ್ಕೃತದಲ್ಲಿತ್ತು. ಅವಳಿಗೆ ಪಟ್ಟಿ ಬೇಕಾಗಲೇ ಇಲ್ಲ. ಗಣಪತಿಗಾ ಅಂತ ಕೇಳಿದವಳೇ ಎಕ್ಕ, ಲಕ್ಕಿ, ಉತ್ತರಣೆ, ಬನ್ನಿ, ಎಲಚಿ ಅಂತ ಹೆಸರು ಹೇಳುತ್ತ ಕಿತ್ತು ಚೀಲಕ್ಕೆ ಹಾಕತೊಡಗಿದಳು. ಕೈ ಜೊತೆಗೆ ಬಾಯಿಯೂ ನಡೆಯುತ್ತಿತ್ತು. ಒಲೆಗೆ ಪುಳ್ಳೆ, ದನಕ್ಕೆ ಮೇವು, ಗದ್ದೆಗೆ ಹೊಂಗೆ ಸೊಪ್ಪು, ದೀಪಕ್ಕೆ ಹೊಂಗೆ ಎಣ್ಣೆ, ಎಲ್ಲ ಇಲ್ಲಿಂದಲೇ ಅಂತೆ. ಮಳೆ ನೀರು ಇಲ್ಲಿ ಇಂಗಿ ನಿಧಾನವಾಗಿ ಕೆರೆಗೆ ಇಳಿಯುತ್ತದಂತೆ.

“ಯಾರೋ ನಿಮ್ ಕಡೆಯೋನು ಇದ್ನ ಕಡ್ಸಕ್ಕೆ ಅರ್ಜಿ ಬರ್ದವ್ನಂತೆ. ಯಾರು ಅಂತ ಗೊತ್ತಾ, ಅಯ್ನೋರೆ?”

ಗೊತ್ತಿಲ್ಲಮ್ಮ ಅಂದೆ. (ನಾಳೆ ಹಬ್ಬ, ಇವತ್ತು ಸುಳ್ಳು.)

“ಹಾವು ಬತ್ತದೆ ಅಂತ ಬರ್ದವ್ನಂತೆ. ಇದ್ನ ಕಡಿದ್ರೆ ಆ ಹಾವು ಯಾರ್ ಮನೆಗೋಯ್ತದೆ?”

ರಸ್ತೆಯ ಕೊನೇ ಮನೆ ನಮ್ಮದೇ. ಈ ಪಾಯಿಂಟ್ ನನ್ನ ಡಿಕ್ಷನರಿಯಲ್ಲಿ ಇರಲಿಲ್ಲ.

ಕಾಸು ಕೊಡಹೋದರೆ ಬೇಡ ಅಂದಳು. ಓದಿದವರ ಹಾಗೆ ಕಾಣ್ತೀರಿ, ಕಡಿಯಬೇಡಿ ಅಂತ ನಮ್ಮ ಪರವಾಗಿ ಒಂದು ಅರ್ಜಿ ಬರೆದುಕೊಡಿ ಅಂದಳು. ಚೀಲ ತುಂಬಿಸಿಕೊಂಡ ಮೇಲೆ ಇಲ್ಲ ಅನ್ನುವುದು ಹೇಗೆ? ನಿಜ ಹೇಳುತ್ತೇನೆ, ನನಗೆ ನಾಚಿಕೆಯೂ ಆಗಿತ್ತು.

ಪೂಜೆ ಚೆನ್ನಾಗಿ ಆಯಿತು. ದೇವದಾರು ಒಂದು ಸಿಗಲಿಲ್ಲ, ಅದರ ಬದಲು ಅಕ್ಷತೆ ಹಾಕಿಸಿ ಮಾವನವರು ನನ್ನನ್ನು ಕ್ಷಮಿಸಿದರು. ಮಾರನೇ ದಿನ ಅರ್ಜಿ ಬರೆದೆ, ಇದೂ ಇಂಗ್ಲಿಷಿನಲ್ಲೇ. ಹಳ್ಳಿಯವರು ಹೆಬ್ಬೆಟ್ಟು ಒತ್ತಿದರು. ನಾನೇ ಆಫೀಸಿಗೆ ಒಯ್ದೆ.

ಗುಮಾಸ್ತರು ಎರಡೂ ಅರ್ಜಿಯನ್ನು ಪಕ್ಕಪಕ್ಕ ಇಟ್ಟು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಎರಡೂ ನಿಮ್ಮ ಅಕ್ಷರವೇ ಅಲ್ವಾ ಸಾರ್? ಯಾವುದನ್ನ ನಂಬೋದು?”

ಎರಡನೆಯದನ್ನು ಅಂದೆ.

“ಅದರಲ್ಲಿ ಬರೀ ಹೆಬ್ಬೆಟ್ಟೇ ಇದೆಯಲ್ಲ ಸಾರ್.”

ಫೈಲು ಈಗ ಸಾಹೇಬರ ಟೇಬಲ್ ಮೇಲಿದೆ. ಕಡಿಯುವವರು ಸೋಮವಾರ ಬರುತ್ತಾರಂತೆ.

ಒಂದು ಎಲೆಯ ಗುರುತೂ ಇಲ್ಲದ ನಮ್ಮ ರುಜುವಿಗೆ ತೋಪು ಹೋಗುವುದಾದರೆ, ಪ್ರತಿಯೊಂದು ಎಲೆಯನ್ನೂ ಬಲ್ಲ ಆ ಹೆಬ್ಬೆಟ್ಟುಗಳಿಗೆ ಅದು ಉಳಿಯಬಾರದೇ?